ಗುಷ್ತಾಬಾ: ಕಾಶ್ಮೀರದ ಔತಣಕ್ಕೆ ಮಂಗಳ ಹಾಡುವ ಉಂಡೆ

ಊಟ ಮುಗಿಯಿತು ಎಂಬುದನ್ನು ಬಾಯಿಬಿಟ್ಟು ಹೇಳದೆ ತಿಳಿಸುವುದಕ್ಕೆ ಪ್ರತಿಯೊಂದು ನಾಡಿಗೂ ಅದರದೇ ಆದ ರೀತಿ ಉಂಟು. ನಮ್ಮಲ್ಲಿ ಬಾಳೆಲೆಗೆ ಮಜ್ಜಿಗೆ ಅನ್ನ ಬಿತ್ತೆಂದರೆ ಇನ್ನು ಬಡಿಸುವವರ ಸಾಲು ಬರುವುದಿಲ್ಲವೆಂದು ಮಕ್ಕಳಿಗೂ ಗೊತ್ತು. ಕಾಶ್ಮೀರ ಕಣಿವೆಯ ಮದುವೆಯೂಟ ಕೂಡ ಮೊಸರಿನ ಪದಾರ್ಥದಿಂದಲೇ ಮುಗಿಯುತ್ತದೆ. ಆದರೆ ಅಲ್ಲಿನ ಮೊಸರು ಕುದಿದು ಬಿಸಿಯಾಗಿರುತ್ತದೆ, ಅದರೊಳಗೆ ಕುರಿಮಾಂಸದ ದಪ್ಪನೆಯ ಉಂಡೆ ಇರುತ್ತದೆ. ಈ ಪದಾರ್ಥದ ಹೆಸರು ಗುಷ್ತಾಬಾ. ಅದು ತಟ್ಟೆಗೆ ಬಂದ ಮೇಲೆ ಮತ್ತೊಂದು ಮಾಂಸದಡುಗೆ ಬರುವುದಿಲ್ಲ. ಹೊಟ್ಟೆ ಎಷ್ಟೇ ತುಂಬಿದ್ದರೂ ಅದನ್ನು ಬೇಡವೆನ್ನುವುದು ಮನೆಯವರಿಗೆ ಮಾಡಿದ ಅವಮಾನವೆಂದು ಅಲ್ಲಿನವರು ಭಾವಿಸುತ್ತಾರೆ.

ನೋಡುವುದಕ್ಕೆ ಇದು ಸರಳ. ಬಿಳಿ ಗೊಜ್ಜಿನಲ್ಲಿ ಒಂದು ಉಂಡೆ. ಮೇಲೆ ಚಿಟಿಕೆ ಒಣ ಪುದೀನ. ಕೆಂಪು ಬಣ್ಣವಿಲ್ಲ, ಮೆಣಸಿನಕಾಯಿಯ ಖಾರವಿಲ್ಲ. ಆದರೆ ಬಾಯಿಗಿಟ್ಟವರು ಎರಡು ಸಂಗತಿಗಳನ್ನು ಗಮನಿಸದೆ ಇರುವುದಿಲ್ಲ. ಒಂದು, ಉಂಡೆಯ ಮೆದುತನ. ಅದರಲ್ಲಿ ಮಾಂಸದ ನಾರಾಗಲೀ ಹರಳಾಗಲೀ ಸಿಗದು. ಆದರೂ ಅದು ಪುಡಿಯಾಗದೆ, ಒತ್ತಿದರೆ ಮತ್ತೆ ಪುಟಿಯುತ್ತದೆ. ಎರಡು, ಗೊಜ್ಜಿನ ನುಣುಪು. ಕೆನೆ ಹಾಕಿದಂತೆ ತೋರುವ ಆ ಗೊಜ್ಜಿನಲ್ಲಿ ಕೆನೆಯೇ ಇಲ್ಲ. ಉಂಡೆಯನ್ನು ಹಿಡಿದಿಡಲು ಹಿಟ್ಟಿಲ್ಲ, ಮೊಟ್ಟೆಯಿಲ್ಲ. ಗೊಜ್ಜನ್ನು ಮಂದವಾಗಿಸಲು ಗೋಡಂಬಿಯಿಲ್ಲ. ಹಾಗಾದರೆ ಈ ಎರಡು ಗುಣಗಳೂ ಬಂದದ್ದು ಎಲ್ಲಿಂದ? ಒಂದೇ ಮಾತಿನಲ್ಲಿ ಹೇಳುವುದಾದರೆ, ಕೈಯಿಂದ. ಗಂಟೆಗಟ್ಟಲೆ ಕುಟ್ಟುವ ಕೈ ಒಂದು, ಬಿಡದೆ ತಿರುವುವ ಕೈ ಇನ್ನೊಂದು. ಗುಷ್ತಾಬಾದ ಕತೆಯೆಂದರೆ ಈ ಎರಡು ಕೈಗಳ ಕತೆ. ಇಂದು ಅದಕ್ಕೆ ಒದಗಿರುವ ಸಂಕಟವೂ ಅದೇ ಕೈಗಳದು.

ಒಂದು ತಟ್ಟೆ, ನಾಲ್ವರು

ಗುಷ್ತಾಬಾವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಅದು ಹುಟ್ಟಿ ಬೆಳೆದ ಔತಣವನ್ನು ನೋಡಬೇಕು. ಈ ಔತಣಕ್ಕೆ ‘ವಾಜ್ವಾನ್’ ಎಂದು ಹೆಸರು. ಕಾಶ್ಮೀರಿಯಲ್ಲಿ ‘ವಾಜಾ’ ಎಂದರೆ ಅಡುಗೆಯವನು, ‘ವಾನ್’ ಎಂದರೆ ಅಂಗಡಿ. ವಾಜಾ ವೃತ್ತಿ ತಂದೆಯಿಂದ ಮಗನಿಗೆ ಇಳಿದು ಬರುವಂಥದು. ಶ್ರೀನಗರದ ಹಳೆಯ ಪೇಟೆಯಲ್ಲಿ ಇವರು ನೆಲೆಸಿದ ಕೇರಿಗೆ ವಾಜಾಪೋರಾ ಎಂದೇ ಹೆಸರಿದೆ. ತಂಡದ ಹಿರಿಯ ‘ವಸ್ತಾ ವಾಜಾ’. ಅವನ ಕೈಕೆಳಗೆ ಮಾಂಸ ಕೊಯ್ಯುವವರು, ಕುಟ್ಟುವವರು, ಬೆಂಕಿ ನೋಡಿಕೊಳ್ಳುವವರು ಎಂದು ಹಲವರು ಇರುತ್ತಾರೆ.

ಮದುವೆಯ ಹಿಂದಿನ ದಿನವೇ ಮನೆಯ ಬಳಿ ಬಯಲಲ್ಲಿ ಒಲೆಗಳ ಸಾಲು ಎದ್ದು ನಿಲ್ಲುತ್ತದೆ. ಕಲಾಯಿ ಹಾಕಿದ ತಾಮ್ರದ ಹಂಡೆಗಳು ಒಂದರ ಪಕ್ಕ ಒಂದು ಕುಳಿತುಕೊಳ್ಳುತ್ತವೆ. ಹಣ್ಣಿನ ಮರಗಳ ಒಣ ಸೌದೆಯ ಉರಿಯಲ್ಲಿ ಅಡುಗೆ ರಾತ್ರಿಯಿಡೀ ನಡೆಯುತ್ತದೆ. ವಾಜ್ವಾನ್‌ನಲ್ಲಿ ಮೂವತ್ತಾರು ಪದಾರ್ಥಗಳು ಎಂಬುದು ಜನಪ್ರಿಯ ಮಾತು. ಅವುಗಳಲ್ಲಿ ಬಹುಪಾಲು ಕುರಿಮಾಂಸದವೇ. ಪ್ರತಿ ಔತಣದಲ್ಲೂ ಅಷ್ಟೂ ಇರಬೇಕೆಂದಿಲ್ಲ; ಮನೆಯವರ ಶಕ್ತಿಗೆ ತಕ್ಕಂತೆ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಆದರೆ ಕೆಲವು ಪದಾರ್ಥಗಳನ್ನು ಬಿಡುವಂತಿಲ್ಲ. ಗುಷ್ತಾಬಾ ಅವುಗಳಲ್ಲಿ ಒಂದು.

ಉಣ್ಣುವ ಕ್ರಮವೂ ವಿಶಿಷ್ಟ. ನೆಲದ ಮೇಲೆ ಹಾಸಿದ ಉದ್ದನೆಯ ಬಟ್ಟೆಯ ಎರಡೂ ಕಡೆ ಅತಿಥಿಗಳು ಕುಳಿತ ಮೇಲೆ, ತಾಮ್ರದ ಗಿಂಡಿ ಮತ್ತು ಬೋಗುಣಿ ಹಿಡಿದವರು ಬಂದು ಕುಳಿತಲ್ಲೇ ಕೈ ತೊಳೆಸುತ್ತಾರೆ. ಬಳಿಕ ‘ತ್ರಾಮಿ’ ಎಂಬ ದೊಡ್ಡ ತಾಮ್ರದ ತಟ್ಟೆ ಬರುತ್ತದೆ. ಒಂದು ತ್ರಾಮಿಗೆ ನಾಲ್ವರು. ನಡುವೆ ಅನ್ನದ ರಾಶಿ, ಅದನ್ನು ನಾಲ್ಕು ಭಾಗ ಮಾಡುವಂತೆ ಇಟ್ಟ ಕಬಾಬುಗಳು, ಪಕ್ಕೆಲುಬಿನ ತಬಕ್ ಮಾಜ್, ಮೆಂತ್ಯ ಸೊಪ್ಪಿನ ಪರಿಮಳದ ಮೇಥಿ ಮಾಜ್. ಆಮೇಲೆ ವಾಜಾ ಒಂದೊಂದೇ ಪಾತ್ರೆ ಹಿಡಿದು ಬಂದು ಬಡಿಸುತ್ತ ಹೋಗುತ್ತಾನೆ. ಕೆಂಪು ಗೊಜ್ಜಿನ ಸಣ್ಣ ಉಂಡೆಗಳಾದ ರಿಸ್ತಾ, ರೋಗನ್ ಜೋಶ್, ಹಾಲಿನಲ್ಲಿ ಬೆಂದ ಆಬ್ ಗೋಶ್ತ್, ಕೊರ್ಮಾಗಳು. ಯಾವುದರ ನಂತರ ಯಾವುದು ಎಂಬುದಕ್ಕೆ ಲೆಕ್ಕವಿದೆ. ನಾಲ್ವರಲ್ಲಿ ಶ್ರೀಮಂತ, ಬಡವ ಯಾರೇ ಇರಲಿ, ತಟ್ಟೆ ಒಂದೇ, ಪಾಲು ಸಮ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವಾಜ್ವಾನ್ ಎಂದರೆ ಹಲವು ಅಡುಗೆಗಳ ಪಟ್ಟಿ ಮಾತ್ರವಲ್ಲ. ಒಂದು ಇಡೀ ಕುರಿಯನ್ನು ವ್ಯರ್ಥ ಮಾಡದೆ ಬಳಸುವ ಲೆಕ್ಕಾಚಾರವೂ ಹೌದು. ಪಕ್ಕೆಲುಬು ತಬಕ್ ಮಾಜ್‌ಗೆ, ಕರುಳು ಮತ್ತು ಜಠರದ ಭಾಗ ಮೇಥಿ ಮಾಜ್‌ಗೆ, ಮೂಳೆಯ ಸಾರು ಗೊಜ್ಜುಗಳಿಗೆ. ಮೂಳೆಯಿಂದ ಬಿಡಿಸಿದ ತೊಡೆಯ ಎಳೆಯ ಮಾಂಸ ಮಾತ್ರ ರಿಸ್ತಾ, ಗುಷ್ತಾಬಾಗಳಿಗೆ ಮೀಸಲು. ಅತ್ಯುತ್ತಮ ಭಾಗವನ್ನು ಕೊನೆಯ ಪದಾರ್ಥಕ್ಕೆ ಎತ್ತಿಡುವುದರಲ್ಲಿಯೇ ಅದರ ಮರ್ಯಾದೆ ಎಷ್ಟೆಂಬುದು ತಿಳಿಯುತ್ತದೆ.

ಹೆಸರಿನ ಹಾದಿ

ಕಾಶ್ಮೀರಕ್ಕೆ ಈ ಅಡುಗೆ ಬಂದದ್ದು ಹೇಗೆ? ತೈಮೂರನ ಕಾಲದಲ್ಲಿ, ಅಂದರೆ 14ನೇ ಶತಮಾನದ ಕೊನೆಯಲ್ಲಿ, ಮಧ್ಯ ಏಷ್ಯಾದಿಂದ ಬಂದ ಬಾಣಸಿಗರೇ ತಮ್ಮ ಮೂಲ ಪುರುಷರೆಂದು ವಾಜಾ ಮನೆತನಗಳು ಹೇಳಿಕೊಳ್ಳುತ್ತವೆ. ಇದು ಬಾಯಿಂದ ಬಾಯಿಗೆ ಬಂದ ನಂಬಿಕೆ. ಇತಿಹಾಸದಿಂದ ನಿಶ್ಚಿತವಾಗಿ ತಿಳಿಯುವುದಿಷ್ಟು: 14ನೇ ಶತಮಾನದಲ್ಲಿ ಷಾಮೀರ್ ವಂಶದ ಆಳ್ವಿಕೆ ಆರಂಭವಾದ ಮೇಲೆ ಇರಾನ್ ಮತ್ತು ಮಧ್ಯ ಏಷ್ಯಾಗಳಿಂದ ಸೂಫಿಗಳು, ವಿದ್ವಾಂಸರು, ಕುಶಲಕರ್ಮಿಗಳು ಕಣಿವೆಗೆ ಬಂದರು. 1420ರಿಂದ 1470ರವರೆಗೆ ಆಳಿದ ಜೈನುಲ್ ಅಬಿದೀನನ ಕಾಲದಲ್ಲಿ ಹಲವು ಕಸುಬುಗಳಿಗೆ ಅರಮನೆಯ ಆಶ್ರಯ ದೊರೆಯಿತು. ಕಾಶ್ಮೀರದ ಶಾಲು, ಮರದ ಕೆತ್ತನೆ, ಕಾಗದದ ತಿರುಳಿನ ಕಲೆ ಮೊದಲಾದವುಗಳ ಜೊತೆಗೆ ಅಡುಗೆಯೂ ಅದೇ ಹಾದಿಯಲ್ಲಿ ಬಂದಿತೆಂದು ಊಹಿಸಲು ಅಡ್ಡಿಯಿಲ್ಲ.

ಹೆಸರುಗಳು ಈ ಊಹೆಗೆ ಬೆಂಬಲ ಕೊಡುತ್ತವೆ. ‘ಗೋಶ್ತ್’ ಪಾರಸಿಯಲ್ಲಿ ಮಾಂಸ. ಉತ್ತರ ಭಾರತದ ‘ಕೋಫ್ತಾ’ ಎಂಬ ಮಾತು ಪಾರಸಿಯ ‘ಕೂಫ್ತನ್’, ಅಂದರೆ ಕುಟ್ಟುವುದು ಎಂಬ ಧಾತುವಿನಿಂದ ಬಂದದ್ದು. ಉಂಡೆ ಎಂಬ ಆಕಾರಕ್ಕಲ್ಲ, ಕುಟ್ಟುವ ಕೆಲಸಕ್ಕೆ ಸಂದ ಹೆಸರು ಅದು. ಇಂದು ಕೋಫ್ತಾ ಎಂದರೆ ಸೋರೆಕಾಯಿ ತುರಿದು ಕರಿದ ಉಂಡೆಯೂ ಆಗಿದೆ. ಆದರೆ ಆ ಹೆಸರಿನ ಮೂಲಾರ್ಥಕ್ಕೆ ಇಂದಿಗೂ ನಿಷ್ಠವಾಗಿರುವ ಅಡುಗೆಗಳಲ್ಲಿ ಗುಷ್ತಾಬಾ ಮುಖ್ಯವಾದದ್ದು.

ಗೊಜ್ಜಿನ ಹೆಸರು ‘ಯಖ್ನಿ’. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯ ಅಡುಗೆಗಳ ಪಟ್ಟಿಯಲ್ಲಿ ಯಖ್ನಿಯ ಹೆಸರಿದೆ. ಭಾರತದ ಬೇರೆಡೆಗಳಲ್ಲಿ ಯಖ್ನಿ ಎಂದರೆ ಮಾಂಸದ ತಿಳಿ ಸಾರು. ಪುಲಾವಿಗೆ ಹಾಕುವುದು ಅದನ್ನೇ. ಕಾಶ್ಮೀರದಲ್ಲಿ ಮಾತ್ರ ಆ ಸಾರಿಗೆ ಮೊಸರು ಸೇರಿ ಅದು ಬೇರೆಯೇ ಆಯಿತು.

ಮೊಸರು ಮತ್ತು ಮಾಂಸದ ಜೋಡಿ ಕಾಶ್ಮೀರದ್ದು ಮಾತ್ರವಲ್ಲ. 1226ರಲ್ಲಿ ಬಾಗ್ದಾದಿನಲ್ಲಿ ರಚಿತವಾದ ಪ್ರಸಿದ್ಧ ಅರಬ್ಬಿ ಪಾಕಶಾಸ್ತ್ರದಲ್ಲಿ ಹುಳಿಹಾಲಿನಲ್ಲಿ ಬೇಯಿಸಿದ ಮಾಂಸವೂ ಇದೆ, ಕುಟ್ಟಿದ ಮಾಂಸದ ಉಂಡೆಗಳೂ ಇವೆ. ಲೆಬನಾನ್ ಮತ್ತು ಸಿರಿಯಾಗಳಲ್ಲಿ ಗೋಧಿ ನುಚ್ಚು ಸೇರಿಸಿ ಕುಟ್ಟಿದ ಮಾಂಸದುಂಡೆಯನ್ನು ಮೊಸರಿನಲ್ಲಿ ಬೇಯಿಸುತ್ತಾರೆ. ತುರ್ಕಿಯ ಗಾಜಿಯಾಂತೆಪ್ ನಗರದಲ್ಲಿ ಹಬ್ಬಕ್ಕೆ ಮಾಡುವ ಯುವಲಾಮಾ ಕೂಡ ಈ ಕುಟುಂಬದ್ದೇ. ಮೆಡಿಟರೇನಿಯನ್ ಕಡಲಿನಿಂದ ಹಿಮಾಲಯದವರೆಗೆ, ಕುರಿ ಮೇಯಿಸುವ ಜನ ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಈ ಜೋಡಿ ಕಾಣಿಸುತ್ತದೆ. ಮಾಂಸ ಕೊಟ್ಟ ಪ್ರಾಣಿಯೇ ಹಾಲನ್ನೂ ಕೊಡುವಾಗ ಎರಡೂ ಒಂದೇ ಪಾತ್ರೆಗೆ ಬೀಳುವುದು ಸಹಜ ತಾನೆ?

ಆದರೆ ಕಾಶ್ಮೀರ ಈ ಎರವಲನ್ನು ತನ್ನದಾಗಿಸಿಕೊಂಡಿತು. ಸೋಂಪಿನ ಪುಡಿ ಮತ್ತು ಒಣಶುಂಠಿ ಕಾಶ್ಮೀರಿ ಅಡುಗೆಯ ಗುರುತು. ಕಣಿವೆಯ ಪಂಡಿತರ ಅಡುಗೆಮನೆಯಲ್ಲೂ ಮುಸಲ್ಮಾನರ ಅಡುಗೆಮನೆಯಲ್ಲೂ ಇವೆರಡು ಇಲ್ಲದೆ ನಡೆಯದು. ಮಾಂಸ ತಿನ್ನುವ ಬ್ರಾಹ್ಮಣರಾದ ಪಂಡಿತರು ಸಾಂಪ್ರದಾಯಿಕವಾಗಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅವರ ಯಖ್ನಿಯಲ್ಲಿ ಇಂಗಿನ ವಾಸನೆ. ವಾಜಾಗಳ ಯಖ್ನಿಯಲ್ಲಿ ಬೆಳ್ಳುಳ್ಳಿ ಇರುತ್ತದೆ; ‘ಪ್ರಾನ್’ ಎಂಬ ಸಣ್ಣ ಈರುಳ್ಳಿಯನ್ನು ಹುರಿದು ಅರೆದ ಮಸಾಲೆಯೂ ಇರುತ್ತದೆ. ವ್ಯತ್ಯಾಸ ಇಷ್ಟೇ, ತಳಹದಿ ಒಂದೇ. 1990ರಲ್ಲಿ ಕಣಿವೆ ಬಿಟ್ಟು ಜಮ್ಮು, ದೆಹಲಿಗಳಿಗೆ ಹೋಗಬೇಕಾಗಿ ಬಂದ ಪಂಡಿತ ಕುಟುಂಬಗಳು ಹೊತ್ತುಕೊಂಡು ಹೋದ ಸೊತ್ತಿನಲ್ಲಿ ಈ ರುಚಿಯೂ ಒಂದು.

ಇನ್ನು ಏಲಕ್ಕಿ. ಅದು ಕಾಶ್ಮೀರದ ಚಳಿಯಲ್ಲಿ ಬೆಳೆಯುವ ಬೆಳೆಯಲ್ಲ. ಯಖ್ನಿಗೆ ಬೀಳುವ ಹಸಿರು ಏಲಕ್ಕಿ ದೇಶದ ಈ ತುದಿಯ ಸಹ್ಯಾದ್ರಿಯಿಂದ, ಅಂದರೆ ಕೇರಳದ ಬೆಟ್ಟಗಳು, ನಮ್ಮ ಕೊಡಗು, ಮಲೆನಾಡುಗಳಂಥ ಸೀಮೆಗಳಿಂದ ಹೋಗಬೇಕು. ಮೆಣಸಿನಕಾಯಿ ಭಾರತಕ್ಕೆ ಬಂದದ್ದು ಪೋರ್ಚುಗೀಸರ ಮೂಲಕ, 16ನೇ ಶತಮಾನದಲ್ಲಿ. ಗುಷ್ತಾಬಾಕ್ಕೆ ಮೆಣಸಿನಕಾಯಿ ಇಲ್ಲದಿರುವುದನ್ನು ನೋಡಿದರೆ, ಅದಕ್ಕೂ ಹಿಂದಿನ ರುಚಿಯೊಂದು ಈ ಬಿಳಿ ಗೊಜ್ಜಿನಲ್ಲಿ ಉಳಿದುಬಂದಿರಬಹುದು ಎನಿಸುತ್ತದೆ. ಅದರ ಒಡಹುಟ್ಟಾದ ರಿಸ್ತಾ ಮಾತ್ರ ಕಾಶ್ಮೀರಿ ಮೆಣಸಿನಕಾಯಿಯಿಂದಲೂ ‘ಮಾವಲ್’ ಎಂಬ ಕೋಳಿಜುಟ್ಟಿನ ಹೂವಿನ ರಸದಿಂದಲೂ ಕೆಂಪಾಗುತ್ತದೆ.

ಕುಟ್ಟುವುದರ ಮರ್ಮ

ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಕೈಮಾ ಉಂಡೆ ಸಾರು ಮಾಡುವವರಿಗೆ ಒಂದು ಚಿಂತೆ ಇದ್ದೇ ಇರುತ್ತದೆ: ಕುದಿಯುವ ಸಾರಿನಲ್ಲಿ ಉಂಡೆ ಒಡೆದುಹೋದರೆ? ಅದಕ್ಕಾಗಿಯೇ ಹುರಿಗಡಲೆ ಪುಡಿ ಸೇರಿಸುತ್ತಾರೆ. ಕೆಲವರು ಮೊಟ್ಟೆಯನ್ನೂ ಹಾಕುತ್ತಾರೆ. ಕತ್ತರಿಸಿದ ಮಾಂಸದ ತುಣುಕುಗಳು ತಾವಾಗಿ ಒಂದಕ್ಕೊಂದು ಅಂಟಿಕೊಳ್ಳವು. ಅಂಟಿಸಲು ಬೇರೊಂದು ವಸ್ತು ಬೇಕು. ವಾಜಾ ಹೀಗೆ ಮಾಡುವುದಿಲ್ಲ. ಮಾಂಸದಲ್ಲೇ ಇರುವ ಅಂಟನ್ನು ಅವನು ಹೊರಗೆ ತರುತ್ತಾನೆ.

ಅವನ ಮೊದಲ ನಿಯಮ, ಮಾಂಸ ಆಗತಾನೆ ಕೊಯ್ದದ್ದಾಗಿರಬೇಕು, ಅದರ ಬಿಸಿ ಆರಿರಬಾರದು. ಔತಣದ ಜಾಗದಲ್ಲೇ ಕುರಿ ಕೊಯ್ಯುವುದಕ್ಕೆ ಇದೇ ಕಾರಣ. ತೊಡೆಯ ಮಾಂಸದ ಮೇಲಿನ ಪೊರೆ, ನರ ತೆಗೆದು, ನುಣುಪಾದ ಚಪ್ಪಟೆ ಕಲ್ಲಿನ ಮೇಲಿಟ್ಟು ಅಕ್ರೋಟು ಮರದ ಕೊಡತಿಯಿಂದ ಬಡಿಯತೊಡಗುತ್ತಾರೆ. ಬಡಿಯುತ್ತ ಹೋದಂತೆ ಬಿಳಿಯ ನಾರುಗಳು ಮೇಲೆದ್ದು ಕಾಣುತ್ತವೆ. ಅವನ್ನು ಬೆರಳಿನಿಂದ ಹೆಕ್ಕಿ ತೆಗೆಯುತ್ತಾರೆ. ನಡುನಡುವೆ ಉಪ್ಪು, ದೊಡ್ಡ ಏಲಕ್ಕಿಯ ಬೀಜ, ಒಣಶುಂಠಿ; ಆಮೇಲೆ ಸ್ವಲ್ಪಸ್ವಲ್ಪವಾಗಿ ಕುರಿಯ ಕೊಬ್ಬು. ಸುಮಾರಾಗಿ ನಾಲ್ಕು ಪಾಲು ಮಾಂಸಕ್ಕೆ ಒಂದು ಪಾಲು ಕೊಬ್ಬು. ಹಲವು ಜನ ಸಾಲಾಗಿ ಕುಳಿತು ಕುಟ್ಟುವಾಗ ಏಳುವ ತಾಳಬದ್ಧ ಸದ್ದೇ ಆ ಬೀದಿಗೆಲ್ಲ ಮದುವೆಯ ಸುದ್ದಿ ಸಾರುತ್ತದೆ. ಕೊನೆಗೆ ಮಾಂಸ ತನ್ನ ರೂಪವನ್ನೆಲ್ಲ ಕಳೆದುಕೊಂಡು ನಾದಿದ ಹಿಟ್ಟಿನಂತಾಗುತ್ತದೆ.

ಈ ನಿಯಮಗಳಿಗೆಲ್ಲ ಇಂದಿನ ಮಾಂಸ ವಿಜ್ಞಾನದಲ್ಲಿ ವಿವರಣೆ ಇದೆ. ಸ್ನಾಯುವಿನಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಮುಖ್ಯ ಪ್ರೋಟೀನುಗಳಿವೆ. ಪ್ರಾಣಿ ಸತ್ತ ಕೆಲವು ಗಂಟೆಗಳ ಮೇಲೆ ಇವೆರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಶರೀರ ಸೆಡೆತುಕೊಳ್ಳುವುದು ಇದರಿಂದಲೇ. ಅದಕ್ಕೆ ಮೊದಲೇ ಕುಟ್ಟಿದರೆ ಮಯೋಸಿನ್ ಬಿಡಿಯಾಗಿರುತ್ತದೆ, ಉಪ್ಪಿನ ನೆರವಿನಿಂದ ಸುಲಭವಾಗಿ ಕರಗಿ ಹೊರಬರುತ್ತದೆ. ಆ ಹೊತ್ತಿನ ಮಾಂಸಕ್ಕೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಹೆಚ್ಚು. ಹೀಗೆ ಹೊರಬಂದ ಅಂಟು ಪ್ರೋಟೀನು ಕೊಬ್ಬಿನ ಒಂದೊಂದು ಹನಿಯ ಸುತ್ತಲೂ ತೆಳುವಾದ ಪೊರೆಯಂತೆ ಕೂರುತ್ತದೆ. ಬೇಯುವಾಗ ಆ ಪೊರೆಗಳೆಲ್ಲ ಹೆಣೆದುಕೊಂಡು ಬಲೆಯಂತಾಗಿ, ನೀರನ್ನೂ ಕೊಬ್ಬನ್ನೂ ಒಳಗೇ ಹಿಡಿದಿಡುತ್ತವೆ. ಗುಷ್ತಾಬಾ ಮೆದುವಾಗಿದ್ದೂ ಒಡೆಯದಿರುವುದು ಇದರಿಂದ.

ಕೈಮಾ ಯಂತ್ರದ ಅಲಗು ನಾರನ್ನು ಕತ್ತರಿಸುತ್ತದೆ, ಕೊಡತಿ ಅದನ್ನು ಜಜ್ಜಿ ಬಿಡಿಸುತ್ತದೆ. ವೇಗವಾಗಿ ತಿರುಗುವ ಅಲಗಿನಿಂದ ಮಾಂಸ ಬಿಸಿಯೇರುವುದೂ ಉಂಟು. ಬಿಸಿಯೇರಿದರೆ ಕೊಬ್ಬು ಬೇರೆಯಾಗಿ ಉಂಡೆ ಒರಟಾಗುತ್ತದೆ. ಮಯೋಸಿನ್ ಎಂಬ ಹೆಸರನ್ನೇ ಕೇಳದ ವಾಜಾಗಳು ಈ ಸೂಕ್ಷ್ಮಗಳನ್ನೆಲ್ಲ ಬೆರಳ ತುದಿಯಿಂದಲೇ ಕಂಡುಕೊಂಡಿದ್ದರು.

ಒಡೆಯದ ಮೊಸರು

ಮಜ್ಜಿಗೆಹುಳಿ ಮಾಡುವ ಯಾರಿಗಾದರೂ ಎರಡನೆಯ ಕಷ್ಟ ಬಲ್ಲದ್ದೇ. ಮೊಸರು ಕುದಿಸಿದರೆ ಒಡೆಯುತ್ತದೆ. ಮೊಸರಿನಲ್ಲಿರುವ ಪ್ರೋಟೀನಿನ ಕಣಗಳು ಬಿಸಿ ತಾಗಿದಾಗ ಒಟ್ಟುಗೂಡಿ ಗಟ್ಟಿಯಾಗಿ ನೀರನ್ನು ಹಿಂಡಿ ಹೊರಹಾಕುತ್ತವೆ. ಇದಕ್ಕೆ ನಾವು ಕಂಡುಕೊಂಡ ಉಪಾಯ, ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿಯೊಡನೆ ರುಬ್ಬಿ ಹಾಕುವುದು. ಒಂದು ಕುದಿ ಬರುತ್ತಿದ್ದಂತೆ ಕೆಳಗಿಳಿಸುವುದು. ಬೇಳೆಯ ಹಿಟ್ಟು ಕಣಗಳ ನಡುವೆ ಅಡ್ಡ ನಿಂತು ಅವು ಗಂಟಾಗದಂತೆ ತಡೆಯುತ್ತದೆ.

ಯಖ್ನಿಯಲ್ಲಿ ಹಿಟ್ಟಿಲ್ಲ. ಅದೂ ಅಲ್ಲದೆ ಮೊಸರನ್ನು ಒಂದು ಕುದಿಯಲ್ಲ, ಬಹಳ ಹೊತ್ತು ಕುದಿಸಬೇಕು. ವಾಜಾನ ಉಪಾಯ ಬೇರೆ. ಹುಳಿಯಾಗದ ಗಟ್ಟಿ ಮೊಸರನ್ನು ಚೆನ್ನಾಗಿ ಕಡೆದು, ತಣ್ಣಗಿರುವಾಗಲೇ ಪಾತ್ರೆಗೆ ಹಾಕಿ ಒಲೆಗೇರಿಸುತ್ತಾನೆ. ಆ ಕ್ಷಣದಿಂದ ಕುದಿ ಬರುವವರೆಗೆ ಸೌಟು ನಿಲ್ಲಬಾರದು. ಒಂದೇ ದಿಕ್ಕಿಗೆ ತಿರುವಬೇಕೆಂಬ ಕಟ್ಟಳೆಯೂ ಇದೆ. ಬಿಡದೆ ತಿರುವುವುದರಿಂದ ಬಿಸಿ ಎಲ್ಲೆಡೆ ಸಮನಾಗಿ ಹರಡುತ್ತದೆ. ಕಣಗಳು ದೊಡ್ಡ ಗಂಟಾಗುವ ಮೊದಲೇ ಒಡೆದು ಸಣ್ಣವಾಗಿಯೇ ಉಳಿಯುತ್ತವೆ. ಒಮ್ಮೆ ಕುದಿ ಬಂದು ನೀರಿಂಗಿ ಮಂದವಾದ ಮೇಲೆ ಮಾಂಸದ ಸಾರು ಸೇರಿದರೂ ಅದು ಒಡೆಯದು. ಕೆನೆಯಂಥ ನುಣುಪು ಅಲ್ಲಿಂದ ಬಂದದ್ದು.

ಹೋಟೆಲುಗಳಲ್ಲಿ ಹೀಗೆ ತಿರುವುತ್ತ ನಿಲ್ಲುವಷ್ಟು ಪುರುಸೊತ್ತು ಯಾರಿಗಿದೆ? ಕೆನೆ, ಗೋಡಂಬಿ, ಹಾಲಿನಪುಡಿ ಹಾಕಿ ‘ಕಾಶ್ಮೀರಿ ಕೋಫ್ತಾ’ ಎಂದು ಬಡಿಸುವುದು ಇದರ ಸುಲಭದ ದಾರಿ. ನೋಡುವುದಕ್ಕೆ ಅದೂ ಬೆಳ್ಳಗೆ, ನುಣ್ಣಗೆ ಇರುತ್ತದೆ. ಆದರೆ ಮೊಸರಿನ ಹದವಾದ ಹುಳಿ ಮತ್ತು ಸೋಂಪಿನ ಕಂಪು ಕೆನೆಯ ಕೆಳಗೆ ಅಡಗಿಹೋಗಿರುತ್ತವೆ. ಹತ್ತಾರು ಮಾಂಸದಡುಗೆಗಳಾದ ಮೇಲೆ ನಾಲಿಗೆಗೆ ಬೇಕಾದದ್ದು ಆ ಹುಳಿಯೇ ಹೊರತು ಇನ್ನಷ್ಟು ಜಿಡ್ಡಲ್ಲ.

ಮನೆಯಲ್ಲಿ ಮಾಡುವುದಾದರೆ

ಮನೆಯಲ್ಲಿ ಇದನ್ನು ಮಾಡುವುದು ಅಸಾಧ್ಯವೇನಲ್ಲ, ತಾಳ್ಮೆ ಬೇಕು ಅಷ್ಟೆ. ಅರ್ಧ ಕಿಲೊ ಮೂಳೆಯಿಲ್ಲದ ಎಳೆಯ ಕುರಿಯ ತೊಡೆಮಾಂಸಕ್ಕೆ 125 ಗ್ರಾಂ ಕೊಬ್ಬು. ಬೆಳಗ್ಗೆ ಕೊಯ್ದ ಮಾಂಸವನ್ನು ಕೂಡಲೇ ತಂದು, ಪೊರೆ, ನರ ಬಿಡಿಸಿ, ಒಂದೂವರೆ ಟೀ ಚಮಚ ಉಪ್ಪು, ಅರ್ಧ ಚಮಚ ಒಣಶುಂಠಿ ಪುಡಿ, ಎರಡು ದೊಡ್ಡ ಏಲಕ್ಕಿಯ ಬೀಜದ ಪುಡಿ ಸೇರಿಸಿ ಒರಳಿನಲ್ಲಿ ಸ್ವಲ್ಪಸ್ವಲ್ಪವಾಗಿ ಕುಟ್ಟಬೇಕು. ಒರಳಿಲ್ಲದವರು ಮಿಕ್ಸಿಯಲ್ಲಿ ಒಂದೆರಡು ಮಂಜುಗಡ್ಡೆ ಚೂರು ಹಾಕಿ, ಬಿಸಿಯೇರದಂತೆ ಬಿಟ್ಟುಬಿಟ್ಟು ತಿರುಗಿಸಬಹುದು. ಕಲ್ಲಿನ ಹದ ಬರದಿದ್ದರೂ ಹತ್ತಿರ ಬರುತ್ತದೆ. ಬೆರಳಿಗೆ ಅಂಟುವಷ್ಟು ನುಣುಪಾದಾಗ ಕೈಗೆ ತಣ್ಣೀರು ಸವರಿಕೊಂಡು ಐದಾರು ಉಂಡೆ ಕಟ್ಟಿ, ಕುದಿಯುವ ಮೂಳೆ ಸಾರಿಗೆ ಒಂದೊಂದಾಗಿ ಬಿಡಬೇಕು. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯುವಾಗ ಅವು ಉಬ್ಬುತ್ತವೆ. ಆದ್ದರಿಂದ ಪಾತ್ರೆ ಅಗಲವಾಗಿರಲಿ.

ಮುಕ್ಕಾಲು ಕಿಲೊ ಗಟ್ಟಿ ಮೊಸರನ್ನು ಕಡೆದು, ಮೇಲೆ ಹೇಳಿದಂತೆ ಕೈಬಿಡದೆ ತಿರುವುತ್ತ ಕುದಿಸಿ ಮಂದವಾಗಿಸಬೇಕು. ಬೇರೆ ಪಾತ್ರೆಯಲ್ಲಿ ಮೂರು ಚಮಚ ತುಪ್ಪಕ್ಕೆ ನಾಲ್ಕು ಲವಂಗ, ನಾಲ್ಕು ಹಸಿರು ಏಲಕ್ಕಿ, ತುಂಡು ಚಕ್ಕೆ ಹಾಕಿ, ಉಂಡೆ ಬೆಂದ ಸಾರಿನ ಎರಡು ಲೋಟ, ಎರಡು ಚಮಚ ಸೋಂಪಿನ ಪುಡಿ, ಒಂದು ಚಮಚ ಒಣಶುಂಠಿ, ಜಜ್ಜಿದ ಬೆಳ್ಳುಳ್ಳಿಯ ರಸ ಸೇರಿಸಬೇಕು. ಪ್ರಾನ್ ನಮ್ಮಲ್ಲಿ ಸಿಗದು. ಅದರ ಬದಲಿಗೆ ಸಾಂಬಾರ್ ಈರುಳ್ಳಿಯನ್ನು ಕೆಂಪಗೆ ಹುರಿದು ಅರೆದು ಎರಡು ಚಮಚ ಹಾಕಿದರೆ ಸಾಕು. ಕುದಿದ ಮೊಸರನ್ನು ಇದಕ್ಕೆ ಬೆರೆಸಿ, ಉಂಡೆಗಳನ್ನು ಬಿಟ್ಟು, ಇಪ್ಪತ್ತು ನಿಮಿಷ ಸಣ್ಣ ಉರಿ. ಇಳಿಸುವ ಮೊದಲು ಕೈಯಲ್ಲಿ ಉಜ್ಜಿದ ಒಣ ಪುದೀನ. ಅರಿಸಿನ, ಟೊಮೆಟೊ, ಕೊತ್ತಂಬರಿ ಸೊಪ್ಪುಗಳಿಗೆ ಇಲ್ಲಿ ಜಾಗವಿಲ್ಲ. ಜೊತೆಗೆ ಬಿಸಿ ಅನ್ನ.

ಹೆಸರು ಉಳಿದರೆ ಸಾಕೆ?

ಒಂದು ಪದಾರ್ಥ ಇಷ್ಟು ಶ್ರಮ ಬೇಡುವುದರಿಂದಲೇ ಅದರ ಮುಂದಿನ ದಿನಗಳ ಬಗ್ಗೆ ಪ್ರಶ್ನೆ ಏಳುತ್ತದೆ. ಹಿಂದೆ ಗುಷ್ತಾಬಾ ಸಿಗುತ್ತಿದ್ದುದು ಮದುವೆ, ಹಬ್ಬಗಳ ಔತಣದಲ್ಲಿ. ಇಂದು ಅದು ಪ್ರವಾಸಿಗರಿಗಾಗಿ ವರ್ಷವಿಡೀ ಹೋಟೆಲುಗಳಲ್ಲಿ ಬೇಕು, ಡಬ್ಬಿಯಲ್ಲಿ ಬೇಕು, ಶೈತ್ಯಾಗಾರದಿಂದ ತೆಗೆದು ಬಿಸಿ ಮಾಡುವಂತಿರಬೇಕು. ಕುಟ್ಟುವ ಕೆಲಸಕ್ಕೆ ಯಂತ್ರಗಳು ಬಂದಿವೆ. ಬೇಡಿಕೆ ಹೆಚ್ಚಿದಂತೆ, ಎಲ್ಲೋ ಯಾರೋ ಮಾಡಿದ ಉಂಡೆಗಳನ್ನು ತಂದು ಗೊಜ್ಜಿಗೆ ಹಾಕುವ ಅಡುಗೆಮನೆಗಳೂ ಹುಟ್ಟಿಕೊಂಡವು.

ಇದರ ಫಲ ಏನೆಂಬುದು 2025ರಲ್ಲಿ ಕಣ್ಣಿಗೆ ಬಿತ್ತು. ಆ ವರ್ಷದ ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಶ್ರೀನಗರ ಮತ್ತು ಸುತ್ತಮುತ್ತ ಆಹಾರ ಸುರಕ್ಷತಾ ಅಧಿಕಾರಿಗಳು ನಡೆಸಿದ ತಪಾಸಣೆಯಲ್ಲಿ ಸಾವಿರಾರು ಕಿಲೊ ಕೊಳೆತ, ಗುರುತುಚೀಟಿಯಿಲ್ಲದ ಮಾಂಸ ಸಿಕ್ಕಿತು. ಅದರಲ್ಲಿ ಸಿದ್ಧಪಡಿಸಿದ ಕಬಾಬು, ರಿಸ್ತಾ, ಗುಷ್ತಾಬಾಗಳೂ ಇದ್ದವು. ಕಣಿವೆಯ ಜನ ಹೋಟೆಲಿನಲ್ಲಿ ಮಾಂಸ ತಿನ್ನಲು ಹಿಂಜರಿಯುವಂತಾಯಿತು. ಬಿಸಿಯಾರದ ಮಾಂಸವೇ ಬೇಕೆಂಬ ನಿಯಮದ ಮೇಲೆ ನಿಂತ ಪದಾರ್ಥ, ಎಂದು ಕೊಯ್ದದ್ದೆಂದು ತಿಳಿಯದ ಮಾಂಸದಿಂದ ತಯಾರಾಗುತ್ತಿತ್ತು. ಕುಟ್ಟಿ ನುಣ್ಣಗಾದ ಮಾಂಸದಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ತಿನ್ನುವವರಿಗೆ ತಿಳಿಯದು. ಈ ಪದಾರ್ಥ ವಾಜಾನ ಮೇಲಿನ ನಂಬಿಕೆಯಿಂದ ನಡೆಯುವಂಥದು. ನಡುವೆ ವಾಜಾನೇ ಇಲ್ಲದಾದಾಗ ನಂಬಿಕೆಗೆ ಆಧಾರವೆಲ್ಲಿ?

ಇನ್ನೊಂದು ತುದಿಯಲ್ಲಿ ಅತಿಯಾದ ಆಡಂಬರದ ದೂರು ಇದೆ. ಪದಾರ್ಥಗಳ ಸಂಖ್ಯೆಯಲ್ಲಿ ಪೈಪೋಟಿ ಬೆಳೆದು, ತ್ರಾಮಿಯಲ್ಲಿ ಉಳಿದದ್ದನ್ನು ಅತಿಥಿಗಳು ಚೀಲಗಳಲ್ಲಿ ಮನೆಗೆ ಒಯ್ಯುವುದು ರೂಢಿಯಾಗಿದೆ. ಕಣಿವೆಗೆ ಬೇಕಾಗುವ ಕುರಿಗಳಲ್ಲಿ ದೊಡ್ಡ ಪಾಲು ಹೊರ ರಾಜ್ಯಗಳಿಂದಲೇ ಬರಬೇಕು. ಮಗಳ ಮದುವೆಯ ಊಟಕ್ಕಾಗಿ ಸಾಲ ಮಾಡುವವರ ಕಷ್ಟ ನಮ್ಮ ನಾಡಿನವರಿಗೂ ಹೊಸದಲ್ಲ. 2017ರ ಫೆಬ್ರುವರಿಯಲ್ಲಿ ಅಂದಿನ ಜಮ್ಮು ಮತ್ತು ಕಾಶ್ಮೀರ ರಾಜ್ಯ ಸರ್ಕಾರ ಹೆಣ್ಣಿನ ಮದುವೆಗೆ 500, ಗಂಡಿನ ಮದುವೆಗೆ 400 ಅತಿಥಿಗಳೆಂದೂ, ಮಾಂಸದ ಪದಾರ್ಥಗಳು ಏಳನ್ನು ಮೀರಬಾರದೆಂದೂ ಆದೇಶ ಹೊರಡಿಸಿತ್ತು. ಸರ್ಕಾರದ ಆದೇಶದಿಂದ ಊಟದೆಲೆ ಚಿಕ್ಕದಾದೀತೆ ಎಂಬುದು ಬೇರೆ ಪ್ರಶ್ನೆ. ಆದರೆ ಏಳೇ ಪದಾರ್ಥ ಎಂದರೂ ಕಾಶ್ಮೀರದ ಯಾವ ಮನೆಯೂ ಕೈಬಿಡಲೊಪ್ಪದ ಪದಾರ್ಥ ಗುಷ್ತಾಬಾ ಎಂಬುದರಲ್ಲಿ ಸಂದೇಹವಿಲ್ಲ.

ಈ ಎರಡು ದೂರುಗಳಿಗೂ ಒಂದೇ ಉತ್ತರ ಇರಬಹುದು. ಪದಾರ್ಥಗಳ ಸಂಖ್ಯೆ ಇಳಿದರೆ ಕುಟ್ಟುವ ಕೈಗೆ ಬಿಡುವು ಸಿಗುತ್ತದೆ. ಕುಟ್ಟಿದ್ದಕ್ಕೆ ತಕ್ಕ ಕೂಲಿ ಸಿಕ್ಕರೆ ವಾಜಾನ ಮಗ ಅದೇ ಕಸುಬಿನಲ್ಲಿ ಉಳಿಯುತ್ತಾನೆ. ಯಂತ್ರವೇ ಬೇಡವೆಂದಲ್ಲ. ಕತ್ತರಿಸುವ ಯಂತ್ರದ ಬದಲು ಕುಟ್ಟುವ ಯಂತ್ರ, ಹಳೆಯ ಮಾಂಸದ ಬದಲು ಅಂದಂದಿನ ಮಾಂಸ ಎಂಬ ವಿವೇಕವಿದ್ದರೆ ಶ್ರಮ ಕಡಿಮೆಯಾಗಿಯೂ ಹದ ಉಳಿದೀತು. ನಮ್ಮಲ್ಲಿ ಒರಳು ಹೋಗಿ ಗ್ರೈಂಡರ್ ಬಂದಾಗ ಇಡ್ಲಿ ಹಾಳಾಗಲಿಲ್ಲ. ಕಲ್ಲು ಉಳಿಯಿತು, ತಿರುಗಿಸುವ ಕೈ ಮಾತ್ರ ಬದಲಾಯಿತು. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂದು ಅರಿತವರು ಮಾತ್ರ ಹೀಗೆ ಬದಲಾಯಿಸಬಲ್ಲರು. ಗುಷ್ತಾಬಾದ ಮಟ್ಟಿಗೆ ಆ ಅರಿವು ಇರುವುದು ಪುಸ್ತಕದಲ್ಲಲ್ಲ, ವಾಜಾಪೋರಾದಂಥ ಕೇರಿಗಳ ಹಿರಿಯರ ಕೈಯಲ್ಲಿ. ಅವರನ್ನು ಕೇಳಿ ತಿಳಿದುಕೊಳ್ಳುವುದಕ್ಕೆ ಇನ್ನೂ ಕಾಲ ಮಿಂಚಿಲ್ಲ.